ಎಡಕ್ಕೆ ತಿರುಗೋದನ್ನ ಮತ್ತೆ ಕಲಿತದ್ದು

ಬವಳಿ ಬಂದವರಿಗೆ ನಮ್ಮ ಕಡೆ ಎಲ್ಲರೂ ಹೇಳೋದು ಒಂದೇ ಮಾತು. ತಲೆ ಅಲ್ಲಾಡಿಸಬೇಡ, ಕಣ್ಣು ಮುಚ್ಚಿ ಮಲಗು. ಮೊದಲ ಒಂದೆರಡು ದಿನ ಅದು ಸರಿಯೇ, ಬೇರೆ ಏನು ಮಾಡೋಕೂ ಆಗಲ್ಲ. ಆಮೇಲೂ ಹಾಗೇ ಮಲಗಿಬಿಟ್ಟರೆ ಮೆದುಳಿಗೆ ಕಲಿಯೋಕೆ ಏನೂ ಸಿಗಲ್ಲ. ನನಗೆ ಇದು ಗೊತ್ತಾಗಿದ್ದು ಎಡಗಿವಿಯ ಬ್ಯಾಲೆನ್ಸ್ ನರ ಕೈಕೊಟ್ಟ ಮೇಲೆ. ಈಗ ಸ್ಕೂಟರ್ ಓಡಿಸುತ್ತೇನೆ, ದಿನವಿಡೀ ನಿಂತು ಗಣಿತ ಪಾಠ ಮಾಡುತ್ತೇನೆ, ಹಬ್ಬದ ಹಿಂದಿನ ದಿನ ದೇವರಾಜ ಮಾರ್ಕೆಟ್ಟಿಗೂ ನುಗ್ಗುತ್ತೇನೆ. ಆ ನರ ಮಾತ್ರ ಇನ್ನೂ ಪೂರ್ತಿ ಸರಿಹೋಗಿಲ್ಲ. ನರ ಸರಿಹೋಗದೆ ನಾನು ಹೇಗೆ ಸರಿಹೋದೆ ಅಂತ ಪರಿಚಯದ ಕೆಲವರು ಕೇಳಿದರು. ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯೋಕೆ ಕೂತಿದ್ದೇನೆ.

ಶುರುವಾದದ್ದು ಬೆಳಗಿನ ಜಾವ. ಮಗ್ಗಲು ಬದಲಿಸಿದೆ, ರೂಮು ಗಿರ್ರನೆ ತಿರುಗೋಕೆ ಶುರುವಾಯಿತು, ನಿಲ್ಲಲೇ ಇಲ್ಲ. ಫ್ಯಾನು, ಬೀರು, ಕ್ಯಾಲೆಂಡರು ಎಲ್ಲಾ ಒಂದೇ ಕಡೆಗೆ ಓಡುತ್ತಿವೆ. ವಾಂತಿ ಬೇರೆ. ಗೋಡೆ ಹಿಡಿದುಕೊಂಡು ಎದ್ದರೂ ಎಡಕ್ಕೇ ವಾಲುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕಿವಿ ನೋಡಲೇ ಇಲ್ಲ. ಮಾತಾಡಿಸಿದರು, ತೊದಲುತ್ತಿದೆಯಾ ಅಂತ. ಬೆರಳು ತೋರಿಸಿ ಎಷ್ಟು ಕಾಣುತ್ತೆ ಅಂತ ಕೇಳಿದರು. ಕೈಕಾಲು ಎತ್ತಿಸಿದರು. ಕಿರುಮೆದುಳಿಗೆ ರಕ್ತ ಹೋಗೋದು ನಿಂತರೂ ಬವಳಿ ಹೀಗೇ ಬರುತ್ತಂತೆ, ಅದನ್ನು ಮೊದಲು ತಳ್ಳಿಹಾಕಬೇಕು. ಓದುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ದಿಢೀರಂತ ಜೋರು ತಲೆಸುತ್ತು ಬಂದು ಅದರ ಜೊತೆಗೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಿಲ್ಲೋಕೇ ಆಗದಿದ್ದರೆ, ಇಂಥ ಬರಹ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಆಮೇಲೆ ಡಾಕ್ಟರ್ ಎರಡೂ ಕೈಯಲ್ಲಿ ನನ್ನ ತಲೆ ಹಿಡಿದುಕೊಂಡು, ನನ್ನ ಮೂಗನ್ನೇ ನೋಡ್ತಾ ಇರಿ ಅಂದರು. ತಟ್ಟನೆ ಬಲಕ್ಕೆ ಸ್ವಲ್ಪ ತಿರುಗಿಸಿದರು. ನನ್ನ ಕಣ್ಣು ಅವರ ಮೂಗಿನ ಮೇಲೇ ನಿಂತಿತ್ತು. ಎಡಕ್ಕೆ ತಿರುಗಿಸಿದಾಗ ಕಣ್ಣು ತಲೆಯ ಜೊತೆಗೇ ಹೋಗಿಬಿಟ್ಟು, ಒಂದು ಕ್ಷಣ ಬಿಟ್ಟು, ಜಿಗಿದು ವಾಪಸ್ ಮೂಗಿಗೆ ಬಂತು. ಸಿಡ್ನಿಯ ಹಲ್ಮಾಗಿ ಮತ್ತು ಕರ್ಥೋಯ್ಸ್ ಅನ್ನೋರು 1988ರಲ್ಲಿ ಬರೆದಿಟ್ಟ ಪರೀಕ್ಷೆ ಇದು. ಮಜಾ ಏನು ಅಂದರೆ, ನನ್ನಂಥ ಸ್ಥಿತಿಯಲ್ಲಿ ಇರೋರಿಗೆ ಇದರಲ್ಲಿ ಕಣ್ಣು ತಪ್ಪಿದರೆ ಡಾಕ್ಟರಿಗೆ ಸಮಾಧಾನ. ತಪ್ಪದೆ ನೆಟ್ಟಗೆ ನಿಂತರೆ ಆಗ ಅವರಿಗೆ ಮೆದುಳಿನ ಮೇಲೆ ಅನುಮಾನ ಬರುತ್ತೆ. ನನ್ನ ಕಣ್ಣು ತಪ್ಪಿತು. ವೆಸ್ಟಿಬ್ಯುಲಾರ್ ನ್ಯೂರೈಟಿಸ್ ಅಂದರು. ಒಳಕಿವಿಯಿಂದ ಮೆದುಳಿಗೆ ಹೋಗುವ ಬ್ಯಾಲೆನ್ಸ್ ನರಕ್ಕೆ ಉರಿಯೂತ, ಹೆಚ್ಚಾಗಿ ವೈರಸ್‌ನಿಂದ.

ಕೇಳಿಸೋದು ಸರಿಯಾಗೇ ಇತ್ತು. ಅದನ್ನು ಖಾತ್ರಿ ಮಾಡಿಕೊಳ್ಳೋಕೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆ. 1965ರಲ್ಲಿ ಶುರುವಾದ ಜಾಗ, ಮೈಸೂರಿನಲ್ಲಿ ಕಿವಿ ಅಂದರೆ ಎಲ್ಲರ ಬಾಯಲ್ಲಿ ಮೊದಲು ಬರೋದು ಅದೇ ಹೆಸರು. ಕಿವಿಗೆ ನೀರು ಬಿಡುವ ಪರೀಕ್ಷೆಯೂ ಆಯಿತು. ಒಂದು ಸಲ 30 ಡಿಗ್ರಿ ನೀರು, ಒಂದು ಸಲ 44 ಡಿಗ್ರಿ. ಮೈಯ ಬಿಸಿ 37, ಅದಕ್ಕಿಂತ ಏಳು ಕಡಿಮೆ, ಏಳು ಜಾಸ್ತಿ. ಒಳಕಿವಿಯ ದ್ರವ ಬಿಸಿಗೂ ತಣ್ಣಗೂ ಹರಿಯೋಕೆ ಶುರುವಾಗುತ್ತೆ, ತಲೆ ಅಲುಗಾಡದೇ ಇದ್ದರೂ ತಿರುಗಿದ ಸುದ್ದಿ ಮೆದುಳಿಗೆ ಹೋಗುತ್ತೆ, ಕಣ್ಣು ಕುಣಿಯುತ್ತೆ. ಇಂಥ ಕೆಲಸಕ್ಕೇ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಸಿಕ್ಕಿದ್ದು, ಆ ಸುದ್ದಿ ಬರುವಾಗ ಆತ ರಷ್ಯಾದಲ್ಲಿ ಯುದ್ಧಕೈದಿ. ನನ್ನ ಬಲಗಿವಿಗೆ ನೀರು ಬಿಟ್ಟಾಗ ಹೊಟ್ಟೆ ತೊಳಸಿತು. ಎಡಕ್ಕೆ ಬಿಟ್ಟಾಗ ಸುಮ್ನೆ ನೀರು ಬಿಟ್ಟ ಹಾಗಿತ್ತು, ಅಷ್ಟೆ.

ಒಳಗೆ ಏನಾಗಿತ್ತು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಒಂದೊಂದು ಕಿವಿಯೊಳಗೂ ಬಳೆ ತುಂಡಿನಂಥ ಮೂರು ನಾಳ, ಒಂದಕ್ಕೊಂದು ಸುಮಾರು ಲಂಬವಾಗಿ. ತಲೆ ಯಾವ ಕಡೆ ತಿರುಗಿದರೂ ಯಾವುದಾದರೂ ಒಂದು ಜೋಡಿಗೆ ಗೊತ್ತಾಗುತ್ತೆ. ಇವುಗಳ ನರಗಳು ತಲೆ ಅಲುಗಾಡದೇ ಇರುವಾಗಲೂ ಸುಮ್ಮನಿರಲ್ಲ. ಕೋತಿಗಳಲ್ಲಿ ಅಳೆದಾಗ ಒಂದೊಂದು ತಂತು ಸೆಕೆಂಡಿಗೆ 90–100 ಸಲ ಮಿಡಿಯುತ್ತಿತ್ತು. ಎರಡೂ ಕಡೆ ಸಮ ಇದ್ದರೆ ಮೆದುಳು 'ತಲೆ ನಿಂತಿದೆ' ಅಂತ ತಿಳಿಯುತ್ತೆ. ನನ್ನ ಎಡಗಡೆ ಇದ್ದಕ್ಕಿದ್ದಂತೆ ನಿಂತುಹೋಯಿತು, ಬಲಗಡೆ ಎಂದಿನಂತೆ ಮಿಡಿಯುತ್ತಲೇ ಇತ್ತು. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಕುಸಿದರೆ ಇನ್ನೊಂದು ಎಳೆದಷ್ಟೂ ಗಾಡಿ ಸುತ್ತುತ್ತೆ, ಅಷ್ಟೇ ಕಥೆ. ಮಲಗಿದ್ದರೂ ತಲೆ ಬಲಕ್ಕೆ ತಿರುಗುತ್ತಲೇ ಇದೆ ಅಂತ ಮೆದುಳಿಗೆ ಅನ್ನಿಸುತ್ತೆ. ಕಣ್ಣು ಮೆಲ್ಲಗೆ ಎಡಕ್ಕೆ ಜಾರುತ್ತೆ, ತಟ್ಟನೆ ಬಲಕ್ಕೆ ಜಿಗಿಯುತ್ತೆ, ಮತ್ತೆ ಜಾರುತ್ತೆ.

ಈ ಸುತ್ತು ಕೆಲವು ದಿನಕ್ಕೆ ತಾನೇ ಕಡಿಮೆ ಆಯಿತು. ನರ ಸರಿಹೋಗದಿದ್ದರೂ ಎಡಬಲದ ಲೆಕ್ಕವನ್ನು ಮೆದುಳಿನ ಕಾಂಡ ಒಳಗೊಳಗೇ ಸರಿದೂಗಿಸಿಕೊಳ್ಳುತ್ತೆ, ಅದಕ್ಕೆ ನಾವೇನೂ ಮಾಡಬೇಕಿಲ್ಲ. ಅಮ್ಮ ಪಾಂಡವಪುರದ ಹತ್ತಿರದ ನಮ್ಮೂರಿಂದ ಬಂದಿದ್ದರು. ಪಿತ್ತ ನೆತ್ತಿಗೇರಿದೆ ಅಂತ ಶುಂಠಿ, ನಿಂಬೆಹಣ್ಣು, ಕೊನೆಗೆ ದೃಷ್ಟಿ ತೆಗೆಯೋದು ಎಲ್ಲಾ ಆಯಿತು. ಸುತ್ತು ಇಳಿದ ಕೀರ್ತಿ ಪೂರ್ತಿ ಅವರಿಗೇ ಹೋಯಿತು, ನಾನೂ ವಾದ ಮಾಡಲಿಲ್ಲ.

ತೊಂದರೆ ಇದ್ದದ್ದು ಆಮೇಲೆ. ಕೂತಿದ್ದರೆ ಏನೂ ಇಲ್ಲ. ತಲೆ ಎಡಕ್ಕೆ ಬೇಗ ತಿರುಗಿಸಿದರೆ ಎದುರಿಗಿದ್ದದ್ದೆಲ್ಲ ಕಲಸಿಹೋಗೋದು. ನಡೆಯುವಾಗ ರಸ್ತೆಯೇ ಕುಲುಕಾಡೋದು. ಅಂಗಡಿ ಬೋರ್ಡು ಓದಬೇಕಾದರೆ ನಿಲ್ಲಬೇಕು. ಆಗ ಎಲ್ಲರೂ ಮಾಡುವುದನ್ನೇ ನಾನೂ ಮಾಡುತ್ತಿದ್ದೆ, ಕತ್ತು ಬಿಗಿ ಹಿಡಿದುಕೊಂಡು, ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದೆ. ಹಾಗೆ ಮಾಡಿದರೆ ಹಾಯಾಗಿತ್ತು. ಬವಳಿ ಅಡಗಿಸುವ ಮಾತ್ರೆಯೂ ಇತ್ತು, ಅದನ್ನು ಮುಂದುವರಿಸೋಣ ಅಂತ ಕೇಳಿದಾಗ ಡಾಕ್ಟರ್ ಬೇಡ ಅಂದರು. ಅದು ಮೊದಲ ಕೆಲವು ದಿನಕ್ಕೆ ಮಾತ್ರ, ಜಾಸ್ತಿ ದಿನ ತಗೊಂಡರೆ ಮೆದುಳು ಹೊಂದಿಕೊಳ್ಳೋದು ನಿಧಾನ ಆಗುತ್ತೆ. ಫಿಸಿಯೋಥೆರಪಿಗೆ ಬರೆದುಕೊಟ್ಟರು.

ಫಿಸಿಯೋಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ, ಮಾತು ಕಡಿಮೆ. ಒಂದು ಕಾರ್ಡಿನ ಮೇಲೆ ದಪ್ಪಕ್ಕೆ 'ಅ' ಅಂತ ಬರೆದು ಕಣ್ಣಿನ ಮಟ್ಟಕ್ಕೆ ಹಿಡಿದರು. ಅಕ್ಷರದ ಮೇಲಿಂದ ಕಣ್ಣು ತೆಗೀಬೇಡಿ, ತಲೆ ಎಡಕ್ಕೆ ಬಲಕ್ಕೆ ಆಡಿಸಿ. ನಾನು ಹುಷಾರಾಗಿ, ಮೆಲ್ಲಗೆ, ದೇವಸ್ಥಾನದಲ್ಲಿ ಮಂಗಳಾರತಿ ತಗೊಳ್ಳೋವಷ್ಟು ನಿಧಾನಕ್ಕೆ ಆಡಿಸಿದೆ. ಅಕ್ಷರ ಸ್ಪಷ್ಟವಾಗೇ ಇತ್ತು. ಚೆನ್ನಾಗಿ ಮಾಡ್ತಿದ್ದೀನಿ ಅಲ್ವಾ ಅಂತ ನೋಡಿದರೆ ಅವರು ತಲೆ ಅಡ್ಡಡ್ಡ ಆಡಿಸಿದರು. "ಮೇಡಂ, ಅಕ್ಷರ ಸ್ವಲ್ಪ ಮಂಜಾಗಬೇಕು. ಮಂಜಾಗದಿದ್ದರೆ ಉಪಯೋಗ ಇಲ್ಲ. ತೀರಾ ಕಲಸಿಹೋದರೂ ಉಪಯೋಗ ಇಲ್ಲ. ಮಧ್ಯದ ಸ್ಪೀಡು ಹುಡುಕಿ."

ಬವಳಿ ಕಡಿಮೆ ಮಾಡಿಸಿಕೊಳ್ಳೋಕೆ ಬಂದವಳಿಗೆ ಬವಳಿ ಬರಿಸಿಕೊಳ್ಳಿ ಅಂತಾರೆ. ನನಗೆ ಸಿಟ್ಟು ಬಂತು. ಯಾಕೆ ಅಂತ ಗೊತ್ತಾಗದೆ ಯಾವ ಲೆಕ್ಕವನ್ನೂ ಮಾಡೋದು ನನಗೆ ಆಗಲ್ಲ, ವೃತ್ತಿಯ ದೋಷ ಇರಬೇಕು. ಕೂತು ಓದಿಕೊಂಡೆ.

ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಫೋನನ್ನು ಅಲುಗಾಡದ ಹಾಗೆ ಹಿಡಿದು ತಲೆಯನ್ನು ಬೇಗ ಬೇಗ ಎಡಕ್ಕೆ ಬಲಕ್ಕೆ ಆಡಿಸಿ. ಓದೋಕೆ ಬರುತ್ತೆ. ಈಗ ತಲೆ ನಿಲ್ಲಿಸಿ, ಅಷ್ಟೇ ಬೇಗ ಫೋನನ್ನು ಆಡಿಸಿ. ಓದೋಕೆ ಬರಲ್ಲ. ಎರಡರಲ್ಲೂ ಕಣ್ಣಿಗೂ ಅಕ್ಷರಕ್ಕೂ ನಡುವಿನ ಆಟ ಒಂದೇ. ವ್ಯತ್ಯಾಸ ಏನು ಅಂದರೆ, ತಲೆ ಆಡಿದಾಗ ಒಳಕಿವಿ ಸುದ್ದಿ ಕೊಡುತ್ತೆ, ಕಣ್ಣು ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗುತ್ತೆ. ಇದಕ್ಕೆ ಹಿಡಿಯೋದು ಸುಮಾರು ಒಂದು ಸೆಕೆಂಡಿನ ನೂರನೇ ಒಂದು ಭಾಗ. ಒಳಕಿವಿಯಿಂದ ಕಣ್ಣಿನ ಸ್ನಾಯುವಿಗೆ ನಡುವೆ ಮೂರೇ ನರಕೋಶ, ಅದಕ್ಕೇ ಅಷ್ಟು ಬೇಗ. ಕಣ್ಣಿಂದ ನೋಡಿ, ಜಾರಿದೆ ಅಂತ ತಿಳಿದು, ಆಮೇಲೆ ಸರಿಮಾಡೋಕೆ ಹೋದರೆ ಅದರ ಹತ್ತರಷ್ಟು ಹೊತ್ತು ಬೇಕು. ಫೋನ್ ಆಡಿಸಿದಾಗ ಆಗೋದು ಅದೇ.

ಇಷ್ಟು ಬೇಗ ನಡೆಯುವ ಕೆಲಸ ಸರಿಯಾಯಿತಾ ಇಲ್ಲವಾ ಅಂತ ಆ ಹೊತ್ತಿಗೇ ನೋಡಿಕೊಳ್ಳೋಕೆ ಆಗಲ್ಲ. ಕೆಲಸ ಮುಗಿದ ಮೇಲೆಯೇ ಗೊತ್ತಾಗೋದು. ಹೇಗೆ ಅಂದರೆ, ತಲೆ ತಿರುಗುವಾಗ ಅಕ್ಷರದ ಬಿಂಬ ಕಣ್ಣಿನ ಹಿಂದಿನ ಪರದೆಯ ಮೇಲೆ ಜಾರಿದರೆ ಲೆಕ್ಕ ತಪ್ಪಿದೆ ಅಂತ ಅರ್ಥ. ಎಷ್ಟು ಜಾರಿತು, ಯಾವ ಕಡೆ ಜಾರಿತು ಅನ್ನೋದೇ ಮುಂದಿನ ಸಲಕ್ಕೆ ಎಷ್ಟು ತಿದ್ದಬೇಕು ಅನ್ನೋದನ್ನ ಹೇಳುತ್ತೆ. ನನಗೆ ಮಂಜು ಕಂಡದ್ದು ಇದೇ ಜಾರಿಕೆ. ಅದು ಇಲ್ಲದಿದ್ದರೆ ಮೆದುಳಿಗೆ ಎಲ್ಲಾ ಸರಿಯಿದೆ ಅಂತಲೇ ಲೆಕ್ಕ. ಕತ್ತು ಬಿಗಿ ಹಿಡಿದು ಓಡಾಡಿದಷ್ಟು ದಿನ ನನ್ನ ಮೆದುಳಿಗೆ ತಿದ್ದಿಕೊಳ್ಳೋಕೆ ಯಾವ ಕಾರಣವೂ ಸಿಕ್ಕಿರಲಿಲ್ಲ. ಒಂದು ಕಡೆಯ ಒಳಕಿವಿ ಹೋದ ಬೆಕ್ಕುಗಳನ್ನು ಕತ್ತಲಲ್ಲಿ ಇಟ್ಟು ನೋಡಿದ್ದಾರೆ, 1970ರ ದಶಕದಲ್ಲಿ. ಕಣ್ಣಿಗೆ ಏನೂ ಕಾಣದೆ ಇದ್ದಾಗ ಅವುಗಳ ಈ ಪ್ರತಿಕ್ರಿಯೆ ಸರಿಯಾಗಿ ಸುಧಾರಿಸಲಿಲ್ಲ. ಪಾಪ ಬೆಕ್ಕುಗಳು.

ತಿದ್ದೋದು ಯಾರು ಅಂತ ಕೇಳಿದರೆ ಮುಖ್ಯವಾಗಿ ಕಿರುಮೆದುಳು, ತಲೆಯ ಹಿಂದೆ ಕೆಳಗಡೆ ಇರೋದು. ತೂಕದಲ್ಲಿ ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು, ನರಕೋಶಗಳ ಲೆಕ್ಕದಲ್ಲಿ ಮಾತ್ರ ಹತ್ತರಲ್ಲಿ ಎಂಟು ಪಾಲು ಅಲ್ಲೇ ಇವೆ. ಅಲ್ಲಿ ಪರ್ಕಿಂಜೆ ಕೋಶ ಅಂತ ಇರುತ್ತೆ. ಒಂದೊಂದಕ್ಕೂ ಲಕ್ಷಕ್ಕೂ ಹೆಚ್ಚು ಸಣ್ಣ ತಂತುಗಳು ಬಂದು ಸೇರುತ್ತವೆ, ತಲೆ ಹೇಗಿದೆ, ಕಣ್ಣು ಎಲ್ಲಿದೆ, ಏನು ಮಾಡಲು ಹೊರಟಿದ್ದೇವೆ ಅನ್ನೋ ಸುದ್ದಿ ಎಲ್ಲಾ ಇವುಗಳಲ್ಲೇ ಬರುತ್ತೆ. ಇವುಗಳ ಜೊತೆ ಇನ್ನೊಂದು ಬಗೆಯ ತಂತು ಇದೆ, ಒಂದು ಕೋಶಕ್ಕೆ ಒಂದೇ ಒಂದು, ಕೋಶದ ಕೊಂಬೆಗಳ ಮೇಲೆ ಬಳ್ಳಿಯಾಗಿ ಹತ್ತಿಕೊಂಡಿರುತ್ತೆ. ಇದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಮಾತ್ರ ಮಿಡಿಯುತ್ತೆ. ಇಷ್ಟು ಅಪರೂಪಕ್ಕೆ ಮಾತಾಡುವ ತಂತು ಯಾತಕ್ಕೆ? ಡೇವಿಡ್ ಮಾರ್ 1969ರಲ್ಲಿ, ಜೇಮ್ಸ್ ಆಲ್ಬಸ್ 1971ರಲ್ಲಿ, ಇದು ಕಲಿಸೋಕೆ ಇರುವ ತಂತು ಅಂದರು. ಆಲ್ಬಸ್ ಪ್ರಕಾರ ಇದು ಹೇಳೋದು ಒಂದೇ, 'ಈಗ ತಪ್ಪಾಯಿತು'. ಆ ಹೊತ್ತಿಗೆ ಯಾವ ಸಣ್ಣ ತಂತುಗಳು ಚುರುಕಾಗಿದ್ದವೋ ಅವುಗಳ ಹಿಡಿತ ಕಡಿಮೆಯಾಗುತ್ತೆ. ಜಪಾನಿನ ಮಸಾವೊ ಇಟೊ 1982ರಲ್ಲಿ ಹಾಗೆ ಹಿಡಿತ ಕಡಿಮೆಯಾಗೋದನ್ನು ಪ್ರಯೋಗದಲ್ಲಿ ತೋರಿಸಿದರು. ಇಟೊ ಈ ಕಣ್ಣು-ತಲೆಯ ಕೆಲಸವನ್ನೇ ವರ್ಷಗಟ್ಟಲೆ ಮೊಲಗಳಲ್ಲಿ ನೋಡಿದವರು. ಕಲಿತದ್ದು ಕೊನೆಗೆ ಕಿರುಮೆದುಳಲ್ಲೇ ಉಳಿಯುತ್ತಾ, ಇಲ್ಲಾ ಕಾಂಡಕ್ಕೆ ಇಳಿಯುತ್ತಾ ಅಂತ ವಿಜ್ಞಾನಿಗಳಲ್ಲಿ ಜಗಳ ಬಹಳ ದಿನದಿಂದ ನಡೆದಿದೆ. ಎರಡೂ ಕಡೆ ಇರುತ್ತೆ ಅನ್ನೋರೇ ಈಗ ಜಾಸ್ತಿ.

ನನ್ನ ಪ್ರಶ್ನೆ ಕಾಟ ತಡೆಯಲಾರದೆ ಇರಬೇಕು, ಒಂದು ದಿನ ಫಿಸಿಯೋಥೆರಪಿಸ್ಟ್ ಪ್ರಿಸಂ ಕನ್ನಡಕ ತಂದು ಹಾಕಿಸಿದರು. ಅದು ಎಲ್ಲವನ್ನೂ ಸ್ವಲ್ಪ ಬಲಕ್ಕೆ ಸರಿಸಿ ತೋರಿಸುತ್ತೆ. ಎದುರಿಗೆ ಬಕೆಟ್ಟು, ಕೈಯಲ್ಲಿ ಚೆಂಡು. ಎಸೆದೆ, ಬಲಕ್ಕೆ ಹೋಯಿತು. ಮತ್ತೆ ಎಸೆದೆ, ಸ್ವಲ್ಪ ಹತ್ತಿರ. ಎಸೀತಾ ಎಸೀತಾ ಬಕೆಟ್ಟಿಗೇ ಬೀಳೋಕೆ ಶುರುವಾಯಿತು. ಇದರಲ್ಲಿ ಏನು ವಿಶೇಷ, ಬಲಕ್ಕೆ ಹೋಗ್ತಿದೆ ಅಂತ ಗೊತ್ತು, ಎಡಕ್ಕೆ ಎಸೆದೆ ಅಂದುಕೊಂಡೆ. ಆಗ ಕನ್ನಡಕ ತೆಗೆಸಿದರು. ಈಗ ಬಕೆಟ್ಟು ಎಲ್ಲಿದೆ ಅಂತ ಚೆನ್ನಾಗಿ ಕಾಣುತ್ತಿದೆ, ಕನ್ನಡಕ ಇಲ್ಲ ಅಂತಲೂ ಗೊತ್ತು. ಎಸೆದರೆ ಚೆಂಡು ಎಡಕ್ಕೆ ಹೋಗಿ ಬಿತ್ತು! ನಾನು ಜೋರಾಗಿ ನಕ್ಕುಬಿಟ್ಟೆ. ನನಗೆ ಗೊತ್ತಿರೋದು ನನ್ನ ಕೈಗೆ ಗೊತ್ತಿಲ್ಲ. ಅದು ಬೇರೆ ಯಾರೋ ಹೇಳಿದ್ದನ್ನು ಕೇಳುತ್ತಿದೆ. ಕನ್ನಡಕ ಇಲ್ಲದೆ ಮತ್ತೆ ಒಂದಷ್ಟು ಸಲ ಎಸೆದ ಮೇಲೆಯೇ ಅದು ದಾರಿಗೆ ಬಂದದ್ದು.

ಇದು ಹಳೆಯ ಆಟ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಬರೆದಿದ್ದರು. ಕಿರುಮೆದುಳಿಗೆ ಏಟು ಬಿದ್ದವರ ಕೈಲಿ ಇದನ್ನೇ ಮಾಡಿಸಿದಾಗ ಎಷ್ಟೋ ಜನರಿಗೆ ಗುರಿ ಸರಿಹೋಗಲೇ ಇಲ್ಲ, ಕನ್ನಡಕ ತೆಗೆದ ಮೇಲೆ ಎಡಕ್ಕೆ ಹೋಗೋದೂ ಇರಲಿಲ್ಲ. ಇದನ್ನು ಅಮೆರಿಕದ ಸೇಂಟ್ ಲೂಯಿಸ್‌ನ ಥ್ಯಾಚ್ ಮತ್ತು ಜೊತೆಯವರು 1996ರಲ್ಲಿ ಪ್ರಕಟಿಸಿದ್ದರು. ನನಗೆ ಇದಕ್ಕಿಂತ ಇಷ್ಟವಾದದ್ದು 2006ರ ಇನ್ನೊಂದು ಪ್ರಯೋಗ, ಮಝೋನಿ ಮತ್ತು ಕ್ರಾಕೌರ್ ಅವರದು. ಕೈ ಆಡಿಸಿ ಕಂಪ್ಯೂಟರ್ ಪರದೆಯ ಮೇಲಿನ ಚುಕ್ಕೆಯನ್ನು ಗುರಿಗೆ ಮುಟ್ಟಿಸಬೇಕು, ಆದರೆ ಆ ಚುಕ್ಕೆ ಕೈ ಹೋದ ದಿಕ್ಕಿಗಿಂತ 45 ಡಿಗ್ರಿ ಓರೆಯಾಗಿ ಹೋಗುತ್ತೆ. ಆಡುವವರಿಗೆ ಉಪಾಯ ಹೇಳಿಕೊಟ್ಟರು, ಪಕ್ಕದ ಗುರಿಗೆ ಹೊಡೆಯಿರಿ, ಸರಿಯಾದ ಗುರಿಗೆ ಬೀಳುತ್ತೆ ಅಂತ. ಬಿತ್ತು, ತಪ್ಪು ಸೊನ್ನೆ. ಆದರೆ ಆಡುತ್ತಾ ಆಡುತ್ತಾ ಅವರ ಗುರಿ ಕೆಡುತ್ತಾ ಬಂತು! ಯಾಕೆಂದರೆ ಒಳಗಿನ ಕಲಿಕೆಗೆ ಗುರಿ ಮುಟ್ಟಿತಾ ಅನ್ನೋದು ಬೇಕಿಲ್ಲ, ಕೈ ಹೋಗಬೇಕು ಅಂದುಕೊಂಡ ಕಡೆಗೂ ಚುಕ್ಕೆ ಕಂಡ ಕಡೆಗೂ ಇರುವ ಅಂತರ ಮಾತ್ರ ಬೇಕು. ಅದನ್ನು ಅದು ತನ್ನ ಪಾಡಿಗೆ ತಿದ್ದುತ್ತಾ ಹೋಗುತ್ತೆ. ಬುದ್ಧಿವಂತಿಕೆ ಅದಕ್ಕೆ ಲೆಕ್ಕಕ್ಕಿಲ್ಲ.

ಇಷ್ಟು ಗೊತ್ತಾದ ಮೇಲೆ ನನಗೆ ಆ ಕಾರ್ಡಿನ ಮೇಲೆ ಸಿಟ್ಟು ಹೋಯಿತು. ದಿನಕ್ಕೆ ಕನಿಷ್ಠ ಮೂರು ಸಲ, ಎಲ್ಲಾ ಸೇರಿ 12 ನಿಮಿಷವಾದರೂ ಮಾಡಬೇಕು ಅಂದಿದ್ದರು. ಕಾಯಿಲೆ ಹಳೆಯದಾಗಿದ್ದರೆ 20 ನಿಮಿಷ. ಇದು ಅಮೆರಿಕದ ಫಿಸಿಯೋಥೆರಪಿಯವರ ಮಾರ್ಗಸೂಚಿಯಲ್ಲೇ ಇದೆ. 12 ನಿಮಿಷ ಕೇಳೋಕೆ ಕಡಿಮೆ. ಮಾಡಿ ನೋಡಿ. ಒಂದು ನಿಮಿಷ ತಲೆ ಆಡಿಸಿ ನಿಲ್ಲಿಸಿದರೆ ಹೊಟ್ಟೆ ತೊಳಸೋದು, ಬೆವರು ಬರೋದು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದು ಇಳಿದರೆ ಸರಿಯಾಗಿ ಮಾಡಿದ್ದೀರಿ, ಅರ್ಧ ದಿನ ಉಳಿದರೆ ಜಾಸ್ತಿ ಮಾಡಿದ್ದೀರಿ ಅಂತ ಅವರ ಲೆಕ್ಕ. ಅಕ್ಷರ ಮಂಜಾಗೋದು ನಿಂತ ಕೂಡಲೇ ಸ್ಪೀಡು ಏರಿಸಬೇಕು. ಅಂದರೆ ಸುಖ ಅಂತ ಒಂದು ದಿನವೂ ಇಲ್ಲ. ಮೊದಲು ಕೂತು, ಆಮೇಲೆ ನಿಂತು, ಆಮೇಲೆ ನಡೆಯುತ್ತಾ. ಕಾರ್ಡಿನ ಹಿಂದೆ ಮೊದಲು ಖಾಲಿ ಗೋಡೆ, ಆಮೇಲೆ ಚೌಕಳಿ ಪರದೆ.

ಹೀಗೆ ಒಂದೊಂದನ್ನೂ ಬೇರೆ ಬೇರೆ ಮಾಡಿಸೋಕೆ ಕಾರಣ ಇದೆ. ಈ ಕಲಿಕೆ ಬಹಳ ಜಿಪುಣ. ಯಾವ ವೇಗದಲ್ಲಿ ಕಲಿತಿರೋ ಆ ವೇಗಕ್ಕೇ ಚೆನ್ನಾಗಿ ಒದಗುತ್ತೆ, ಬೇರೆ ವೇಗಕ್ಕೆ ಅರ್ಧಂಬರ್ಧ. ಎಡಕ್ಕೆ ಕಲಿತದ್ದು ಮೇಲೆ ಕೆಳಗೆ ನೋಡೋಕೆ ಬರಲ್ಲ. ನಾನು ಕುರ್ಚಿಯಲ್ಲಿ ಕೂತು ಬಹಳ ಚೆನ್ನಾಗಿ ಮಾಡುತ್ತಿದ್ದ ದಿನಗಳಲ್ಲೇ ಮನೆಯ ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಬಿಡೋಕೆ ಆಗುತ್ತಿರಲಿಲ್ಲ.

ಕುಕ್ಕರಹಳ್ಳಿ ಕೆರೆಗೆ ಕಳಿಸಿದ್ದು ಅದಕ್ಕೇ. ಕೆರೆ ನಿಮ್ಮ ಎಡಗಡೆಗೆ ಬರೋ ಹಾಗೆ ಸುತ್ತಿ ಅಂದರು, ಅಂದರೆ ಗಡಿಯಾರಕ್ಕೆ ಉಲ್ಟಾ. ನಡೆಯುತ್ತಾ ಎಡಕ್ಕೆ ತಿರುಗಿ ಕೆರೆ ನೋಡಬೇಕು, ಮತ್ತೆ ಮುಂದೆ, ಮತ್ತೆ ಎಡಕ್ಕೆ. ನಾನು ಹೆಜ್ಜಾರ್ಲೆಗಳನ್ನು ಗುರಿ ಮಾಡಿಕೊಂಡೆ. ನಡುಗಡ್ಡೆಯ ಮರಗಳ ಮೇಲೆ ಅವು ಕೂತಿರುತ್ತವೆ, ಗುರಿ ದೊಡ್ಡದು, ಅಲುಗಾಡಲ್ಲ. ಮೊದಲು ಮೊದಲು ತಿರುಗಿದ ಕೂಡಲೇ ಹೆಜ್ಜಾರ್ಲೆ, ಮರ, ನೀರು ಎಲ್ಲಾ ಒಂದೇ ಬಿಳಿ ಪಟ್ಟೆ. ಕಾಲು ಎಡಕ್ಕೆ ಎಳೆಯೋದು. ಹಿಂದಿನಿಂದ ಬಂದ ವಾಕಿಂಗ್‌ನವರಿಗೆ ಒಂದಿಬ್ಬರಿಗೆ ಡಿಕ್ಕಿ ಹೊಡೆಯೋದರಲ್ಲಿದ್ದೆ. ಬೆಳಗ್ಗೆ ಬರುವ ನಿವೃತ್ತರೊಬ್ಬರು ದಿನಾ ನನ್ನನ್ನು ನೋಡಿ, ಹಕ್ಕಿ ಅಂದರೆ ಅಷ್ಟು ಇಷ್ಟವಾದರೆ ಕೊಕ್ಕರೆ ಬೆಳ್ಳೂರಿಗೆ ಹೋಗಮ್ಮ, ಅಲ್ಲಿ ಊರೊಳಗಿನ ಮರದಲ್ಲೇ ಗೂಡು ಕಟ್ಟುತ್ತವೆ, ಅಂತ ಹೇಳಿದರು. ಹೂಂ ಅಂದೆ. ಮಂಡ್ಯ ಜಿಲ್ಲೆಯವಳಿಗೆ ಕೊಕ್ಕರೆ ಬೆಳ್ಳೂರಿನ ದಾರಿ ಹೇಳಿಕೊಟ್ಟರು!

ಯಾವತ್ತು ಸರಿಯಾಯಿತು ಅಂತ ಹೇಳೋಕೆ ಆಗಲ್ಲ, ಅಂಥ ದಿನ ಬರಲೇ ಇಲ್ಲ. ತಿರುಗಿದಾಗ ಹಕ್ಕಿಯ ಕೊಕ್ಕು ಕೊಕ್ಕಾಗೇ ಕಾಣುತ್ತಿದೆ ಅಂತ ಒಂದು ಬೆಳಗ್ಗೆ ಗಮನಕ್ಕೆ ಬಂತು, ಅಷ್ಟೆ. ಅದು ಎಷ್ಟು ದಿನದಿಂದ ಹಾಗಿತ್ತೋ.

ಶಾಲೆಗೆ ವಾಪಸ್ ಹೋದಾಗ ಇನ್ನೊಂದು ತಮಾಷೆ. ಬಲಗೈಯಲ್ಲಿ ಬರೆಯುವವರು ಬೋರ್ಡಿನಿಂದ ಮಕ್ಕಳ ಕಡೆ ಎಡಭುಜದ ಮೇಲಿಂದ ತಿರುಗುತ್ತಾರೆ. ಇಷ್ಟು ವರ್ಷ ನನಗೇ ಅದು ಗೊತ್ತಿರಲಿಲ್ಲ. ಈಗ ಆ ತಿರುವೇ ನನ್ನ ಶತ್ರು. ಒಂದು ಕಾಲು ಸುತ್ತು ತಪ್ಪಿಸೋಕೆ ಮುಕ್ಕಾಲು ಸುತ್ತು ಬಲಗಡೆಯಿಂದ ತಿರುಗುತ್ತಿದ್ದೆ. ಎಂಟನೇ ಕ್ಲಾಸಿನ ಹುಡುಗರು ಅದನ್ನು ಬಿಡುತ್ತಾರಾ? ಮಿಸ್ ಡ್ಯಾನ್ಸ್ ಮಾಡ್ತಾರೆ ಅಂತ ಸುದ್ದಿಯಾಯಿತು. ಫಿಸಿಯೋಥೆರಪಿಸ್ಟಿಗೆ ಹೇಳಿದೆ, ಅವರೂ ನಕ್ಕು, ಎಡಗಡೆಯಿಂದಲೇ ತಿರುಗಿ, ತಿರುಗಿದ ಕೂಡಲೇ ಕೊನೆ ಬೆಂಚಿನ ಒಬ್ಬರ ಮುಖ ಹಿಡಿಯಿರಿ ಅಂದರು. ಹಾಗೇ ಮಾಡಿದೆ. ಸಮೀಕರಣ ಬರೆಯೋದು, ಎಡಕ್ಕೆ ತಿರುಗೋದು, ಕೊನೆ ಬೆಂಚು ನೋಡೋದು. ಒಂದು ಪೀರಿಯಡ್ಡಿನಲ್ಲಿ ಎಷ್ಟು ಸಲ ತಿರುಗುತ್ತೇವೆ ಅಂತ ಟೀಚರುಗಳಿಗೆ ಗೊತ್ತು. ನನಗೆ ಸಿಕ್ಕ ಅತಿ ಒಳ್ಳೆಯ ವ್ಯಾಯಾಮ ಅದೇ ಅಂತ ಈಗಲೂ ಅನ್ನಿಸುತ್ತೆ, ಸಂಬಳ ಬೇರೆ. ಕೊನೆ ಬೆಂಚಿನವರಿಗೆ ಮಾತ್ರ ಬಹಳ ಕಷ್ಟವಾಯಿತು. ಮಿಸ್ ನಮ್ಮನ್ನೇ ನೋಡ್ತಾರೆ ಅಂತ ಆ ತಿಂಗಳು ಯಾರೂ ತುಟಿ ಬಿಚ್ಚಲಿಲ್ಲ.

ಮಾರ್ಕೆಟ್ಟಿನ ಕಥೆ ಬೇರೆ. ಅಲ್ಲಿ ನಾನು ನಿಂತಿದ್ದರೂ ಸುತ್ತ ಎಲ್ಲವೂ ಓಡಾಡುತ್ತಿರುತ್ತೆ, ಕುಂಕುಮದ ಗೋಪುರಗಳು, ಮಲ್ಲಿಗೆ ಮಾಲೆ, ಬಾಳೆಗೊನೆ ಹೊತ್ತವರು. ಒಳಕಿವಿಯ ಮೇಲೆ ನಂಬಿಕೆ ಹೋದ ಮೆದುಳು ಕಣ್ಣಿನ ಮೇಲೆ ಜಾಸ್ತಿ ಒರಗಿಕೊಂಡಿರುತ್ತೆ, ಕಂಡದ್ದೆಲ್ಲ ಅಲುಗಾಡಿದರೆ ತಾನೇ ಅಲುಗಾಡಿದೆ ಅಂದುಕೊಳ್ಳುತ್ತೆ. ಅಲ್ಲಿ ಗೋಡೆ ಹಿಡಿದುಕೊಂಡು ನಿಂತದ್ದಿದೆ, ಹೂವು ತಗೊಳ್ಳದೆ ವಾಪಸ್ ಬಂದದ್ದೂ ಇದೆ. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ, ಆಮೇಲೆ ಜಾಸ್ತಿ ಇರುವ ಹೊತ್ತಿಗೆ ಹೋಗಿ, ನಿಧಾನಕ್ಕೆ ಅದೂ ಬಗ್ಗಿತು.

ಇದೆಲ್ಲ ಹೊಸ ವಿದ್ಯೆ ಏನಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕಾಥೋರ್ನ್ ಅನ್ನೋ ಕಿವಿ ಡಾಕ್ಟರು, ಕುಕ್ಸಿ ಅನ್ನೋ ಇನ್ನೊಬ್ಬ ಡಾಕ್ಟರು ತಲೆಗೆ ಪೆಟ್ಟಾದ ಸೈನಿಕರಿಗೆ ಇಂಥ ವ್ಯಾಯಾಮ ಮಾಡಿಸುತ್ತಿದ್ದರು. ಎದ್ದು ಓಡಾಡಿದವರು ಮಲಗಿದವರಿಗಿಂತ ಬೇಗ ಸುಧಾರಿಸೋದನ್ನು ಅವರು ಕಂಡಿದ್ದರು. ಗುಂಪಿನಲ್ಲಿ ಕಣ್ಣು ಆಡಿಸೋದು, ತಲೆ ಆಡಿಸೋದು, ಚೆಂಡು ಎಸೆದು ಹಿಡಿಯೋದು, ಬಗ್ಗಿ ಏಳೋದು. ಹಾಂ, ಒಂದು ಮಾತು. ಮಲಗಿ ಎದ್ದಾಗ ಮಾತ್ರ ಕೆಲವು ಸೆಕೆಂಡು ತಲೆ ಸುತ್ತುವ ಇನ್ನೊಂದು ತೊಂದರೆ ಇದೆ, ಒಳಕಿವಿಯಲ್ಲಿ ಕ್ಯಾಲ್ಸಿಯಂ ಹರಳು ಜಾಗ ತಪ್ಪಿ ಬರೋದು. ನನ್ನ ಚಿಕ್ಕಮ್ಮನಿಗೆ ಇರೋದು ಅದು. ಅದಕ್ಕೆ ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸುವ ಬೇರೆ ವಿಧಾನ ಇದೆ. ನಾನು ಮಾಡಿದ್ದನ್ನು ಅವರು ಮಾಡಿದರೆ ಉಪಯೋಗ ಇಲ್ಲ. ನಿಮಗೆ ಯಾವುದು ಅಂತ ಡಾಕ್ಟರೇ ಹೇಳಬೇಕು.

ಆರಾಮಾದ ಮೇಲೆ ಮತ್ತೆ ಪರೀಕ್ಷೆ ಮಾಡಿದರು. ಈ ಸಲ ಕಣ್ಣಿಗೆ ಕ್ಯಾಮೆರಾ ಇರುವ ಕನ್ನಡಕ ಕಟ್ಟಿ, ಅದೇ ತಟ್ಟನೆ ತಲೆ ತಿರುಗಿಸುವ ಪರೀಕ್ಷೆ. ಬರಿಗಣ್ಣಿಗೆ ಎರಡೂ ಕಡೆ ಸರಿ ಕಂಡಿತಂತೆ. ನಾನು ಖುಷಿಯಾಗಿ ನರ ವಾಸಿಯಾಯಿತಾ ಅಂದೆ. ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಬಲಗಡೆ ಎರಡು ಗೆರೆ ಒಂದರ ಮೇಲೊಂದು ಕೂತಿವೆ, ತಲೆಯದೊಂದು, ಕಣ್ಣಿನದೊಂದು. ಎಡಗಡೆ ಕಣ್ಣಿನ ಗೆರೆ ಈಗಲೂ ಗಿಡ್ಡ, ಮೊದಲಿಗಿಂತ ವಾಸಿ, ಆದರೂ ಗಿಡ್ಡ. ಅದರ ಮಧ್ಯೆ ಚೂಪಾದ ಒಂದು ಮುಳ್ಳು ಎದ್ದಿದೆ. ಆ ಮುಳ್ಳೇ ನನ್ನ ಕಣ್ಣಿನ ಜಿಗಿತ. ಮೊದಲು ತಲೆ ತಿರುಗಿ ನಿಂತ ಮೇಲೆ ಕಣ್ಣು ಜಿಗಿದು ಗುರಿಗೆ ಬರುತ್ತಿತ್ತು, ಡಾಕ್ಟರಿಗೆ ಬರಿಗಣ್ಣಿಗೇ ಕಂಡಿತ್ತು. ಈಗ ತಲೆ ಇನ್ನೂ ತಿರುಗುತ್ತಿರುವಾಗಲೇ ಜಿಗಿದುಬಿಡುತ್ತೆ, ಯಾರಿಗೂ ಕಾಣದ ಹಾಗೆ, ನನಗೂ ಗೊತ್ತಾಗದ ಹಾಗೆ.

ಅಂದರೆ ಎರಡು ಬಗೆಯ ಕೆಲಸ ನಡೆದಿತ್ತು. ಒಂದು, ಉಳಿದಿರುವ ಸುದ್ದಿಯನ್ನೇ ದೊಡ್ಡದು ಮಾಡಿಕೊಂಡು ಕಣ್ಣು ತಿರುಗಿಸೋದು. ಇನ್ನೊಂದು, ಅಷ್ಟಕ್ಕೆ ಸಾಲದು ಅಂತ ಮೊದಲೇ ಲೆಕ್ಕ ಹಾಕಿ ನಡುವೆ ಒಂದು ಜಿಗಿತ ತುರುಕೋದು. ಈ ಎರಡನೆಯದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮಾಡು ಅಂತ ಹೇಳಿದ್ದರೂ ಮಾಡೋಕೆ ಬರುತ್ತಿರಲಿಲ್ಲ. ಕಂಪ್ಯೂಟರಿನ ಆ ಮುಳ್ಳನ್ನು ನೋಡಿ ನನಗೆ ಹೆಮ್ಮೆಯಾಯಿತು ಅಂತ ಹೇಳಿದರೆ ನಗಬೇಡಿ.

ನಿದ್ದೆಗೆಟ್ಟರೆ, ಜ್ವರ ಬಂದರೆ, ಒಂದೆರಡು ದಿನ ಹಳೆಯ ಓಲಾಟ ವಾಪಸ್ ಬರುತ್ತೆ. ಹೆದರಬೇಡಿ, ಮತ್ತೆ ಹೊಂದಿಕೊಳ್ಳುತ್ತೆ ಅಂದಿದ್ದಾರೆ, ಹಾಗೇ ಆಗುತ್ತೆ. ಪೂರ್ತಿ ಬಗ್ಗದೆ ಉಳಿದಿರೋದು ಒಂದೇ, ಕತ್ತಲು. ಊರಿಗೆ ಹೋದಾಗ ರಾತ್ರಿ ಕರೆಂಟು ಹೋದರೆ ಗದ್ದೆ ಬದುವಿನ ಮೇಲೆ ನಡೆಯೋಕೆ ಈಗಲೂ ಆಗಲ್ಲ. ಚಿಕ್ಕಂದಿನಲ್ಲಿ ಅದೇ ಬದುವಿನ ಮೇಲೆ ಓಡುತ್ತಿದ್ದೆ. ನೆಟ್ಟಗೆ ನಿಲ್ಲೋಕೆ ಮೆದುಳಿಗೆ ಕಣ್ಣು, ಒಳಕಿವಿ, ಅಂಗಾಲು-ಕೀಲುಗಳ ಸುದ್ದಿ ಬೇಕು. ಕತ್ತಲಲ್ಲಿ ಕಣ್ಣು ಇಲ್ಲ, ನಾಲೆ ನೀರು ಬಿಟ್ಟ ಕಾಲದಲ್ಲಿ ಮಣ್ಣು ಮೆತ್ತಗಿರೋದರಿಂದ ಅಂಗಾಲಿನ ಸುದ್ದಿಯೂ ಅಷ್ಟಕ್ಕಷ್ಟೆ, ಉಳಿದದ್ದು ಒಂದೂವರೆ ಕಿವಿ. ಕೆರೆ ಸುತ್ತ ಕಲಿತದ್ದು ಇಲ್ಲಿಗೆ ಒದಗಲ್ಲ, ಅದೆಲ್ಲ ಬೆಳಕಲ್ಲಿ ಮಂಜು ನೋಡಿ ಕಲಿತದ್ದು. ಇದಕ್ಕೆ ಬೇರೆಯೇ ಅಭ್ಯಾಸ ಬೇಕು ಅಂತ ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ, ದಪ್ಪ ದಿಂಬಿನ ಮೇಲೆ ಕಣ್ಣು ಮುಚ್ಚಿ ನಿಲ್ಲೋದು, ಗೋಡೆಯ ಮೂಲೆಯಲ್ಲಿ, ಮುಂದೆ ಒಂದು ಕುರ್ಚಿ ಇಟ್ಟುಕೊಂಡು. ಈಗ ಅದು ನಡೆದಿದೆ. ಸದ್ಯಕ್ಕೆ ಎಡಗಡೆಯ ಗೋಡೆಗೇ ಜಾಸ್ತಿ ಒರಗುತ್ತಿದ್ದೇನೆ.